ಸೊನ್ನೆ ದಿನ

ಜಮಖಂಡಿಯ ಜನನ ಮರಣ ವಿಭಾಗಕ್ಕೆ ಒಂದೇ ಕಿಟಕಿ.
ಆಚೆ ಬೇವಿನ ಮರ, ಅದರಡಿ ಕಬ್ಬು ಹೇರಿಕೊಂಡು ನಿಂತ ಟ್ರ್ಯಾಕ್ಟರು.
ಈಚೆ ನಾನು, ಒಂದು ಕಂಪ್ಯೂಟರು,
ಮೂರು ಕಪಾಟು ತುಂಬ ತಾರೀಖುಗಳು,
ಒಂದೊಂದೂ ಒಂದೊಂದು ವೇಷದಲ್ಲಿ.

೩/೪/೭೧.
ಏಪ್ರಿಲ್ ಮೂರೋ, ಮಾರ್ಚ್ ನಾಲ್ಕೋ?
ಸಂಸ್ಥಾನದ ಕಾಲದ ಪುಟದಲ್ಲಿ ಮೋಡಿ ಅಕ್ಷರ, ಫಸಲಿ ೧೩೪೮.
ಡಿಸೆಂಬರ್‌ವರೆಗೆ ಐನೂರಾ ತೊಂಬತ್ತು ಕೂಡಿಸು,
ಜನವರಿಯಿಂದ ಒಂದು ಹೆಚ್ಚಿಗೆ.
ಮತ್ತೊಂದರಲ್ಲಿ ಫೆಬ್ರವರಿ ಮೂವತ್ತು.
ಆ ದಿನ ಹುಟ್ಟಿದವನು ಹುನ್ನೂರಿನಲ್ಲಿ
ಪಿಂಚಣಿ ಎಣಿಸಿಕೊಂಡು ಸುಖವಾಗಿದ್ದಾನೆ.

ನನಗಿಂತ ಹಿಂದೆ ಇದ್ದವನು ಎಲ್ಲವನ್ನೂ
ಅಕ್ಷರದ ಕಾಲಮಿನಲ್ಲಿ ತುಂಬಿಟ್ಟು ಹೋಗಿದ್ದ.
ಅಕ್ಷರಕ್ಕೇನು, ಎಲ್ಲವೂ ಸರಿ.
‘ನಿನ್ನಿ’ ಅಂತ ಬರೆದರೂ ಹೂಂಗುಟ್ಟುತ್ತದೆ.
ಪಾಳಿ ಹಚ್ಚಿದರೆ ಹತ್ತು ಬಂದು ಎರಡರ ಮುಂದೆ ನಿಲ್ಲುತ್ತದೆ
ಪುಢಾರಿಯ ಹಾಗೆ.
ಎಂಥ ದಡ್ಡ, ಅಂದುಕೊಂಡಿದ್ದೆ.

ತಾರೀಖಿನ ಕಾಲಂ ಸಣ್ಣ ಕಣ್ಣಿನ ಸಾಣಿಗಿ.

ಸಾಲಿ ದಾಖಲೆ ತೋರಿಸಿ ತಡವಾಗಿ ಬರೆಸಿಕೊಂಡವರಲ್ಲಿ
ಮುಕ್ಕಾಲು ಮಂದಿ ಹುಟ್ಟಿದ್ದು ಜೂನ್ ಒಂದಕ್ಕೆ.
ಬುಡನ್‌ಸಾಬ ಜಮಾದಾರ ಕಾಕಾ ನಕ್ಕರು:
‘ನಾನೂ ಅದರಾಗ ಅದೀನಿ, ಹುಡುಕು.
ಶೀಗಿ ಹುಣ್ಣಿವಿ ಮರುದಿನಾ ಹುಟ್ಟ್ಯಾನ ಅಂತ ನಮ್ಮವ್ವ ಅಂತಿದ್ಲು.
ಸಾಲೀಗಿ ಹಚ್ಚೂಮುಂದ ಮಾಸ್ತರು ಜೂನ್ ಒಂದ್ ಅಂದ್ರು.
ಬರೋ ಮೇ ಮೂವತ್ತೊಂದಕ್ಕ ರಿಟೈರ್.
ನಾಲ್ಕೂವರಿ ತಿಂಗಳ ಪಗಾರ
ಮಾಸ್ತರರ ಪೆನ್ನಿಗಿ ಹೋತ ನೋಡವಾ.’

ಶೀಗಿ ಹುಣ್ಣಿವಿ ಸಾಣಿಗಿಯ ಮೇಲೇ ಉಳಿಯಿತು.
ಜೂನ್ ಒಂದು ಗೊಣಗದೆ ಇಳಿಯಿತು.
ಸುಳ್ಳಿಗೆ ಯಾವಾಗಲೂ ಅಳತೆಯ ಅಂಗಿ.

ಬುಧವಾರ ಕನ್ವರ್ಶನ್ ಮುಗಿಯಿತು.
ನಲವತ್ತೊಂದು ಸಾವಿರ ಸಾಲು, ಒಂದೂ ಎರರ್ ಇಲ್ಲ.
ಚಹಾ ತರಿಸಿದೆ.
ಸುಮ್ಮನೆ ಪರೀಕ್ಷೆಗೆಂದು ಆಯುಷ್ಯದ ಲೆಕ್ಕ ಹಾಕಿದೆ:
ಮರಣದ ದಿನದಿಂದ ಹುಟ್ಟಿದ ದಿನ ಕಳೆ.
ಒಂದು ಸಾಲಿನಲ್ಲಿ ಸೊನ್ನೆ.

ಹೆಸರಿನ ಜಾಗದಲ್ಲಿ ಹೆಣ್ಣು ಕೂಸು.
ತಾಯಿ ಸುಗಲವ್ವ ಕೊಣ್ಣೂರ.
ರಿಜಿಸ್ಟರ್ ತೆಗೆದೆ, ಧೂಳಿಗೆ ಸೀನಿದೆ.
ಆವತ್ತಿನ ಗುಮಾಸ್ತ ಯಾರೋ,
ಯಾರೂ ಕೇಳದಿದ್ದರೂ ಅಂಚಿನಲ್ಲಿ ಬರೆದಿದ್ದ:
ಜನನ ರಾತ್ರಿ ೧-೧೦. ಮರಣ ನಸುಕು ೪-೨೫.

ಮೂರು ತಾಸು ಹದಿನೈದು ಮಿನಿಟು.
ಒಂದು ಸಲ ಹಾಲು ಚೀಪಿರಬಹುದು.
ಕಂದೀಲು ಹತ್ತಿರ ತಂದು
ಮೂಗು ಯಾರ ಕಡೆಯದು ಅಂತ ಯಾರೋ ನೋಡಿರಬಹುದು.

ಆ ದಡ್ಡ ಅದನ್ನೂ ಬಿಡದೆ ಟೈಪ್ ಮಾಡಿದ್ದ.
ಅವನ ಅಕ್ಷರದ ಕಾಲಮಿನಲ್ಲಿ ಮೂರು ತಾಸೂ ಇದ್ದವು.
ಕತ್ತರಿಸಿದವಳು ನಾನು.
ಕತ್ತರಿಸುವಾಗ ಸದ್ದೇ ಆಗಲಿಲ್ಲ.

ಮೇಲಿನವರಿಗೆ ಫೋನ್ ಹಚ್ಚಿದೆ.
‘ಸರ್ಟಿಫಿಕೇಟಿನ್ಯಾಗ ತಾಸು ಬರೂದಿಲ್ಲ ಮೇಡಂ, ಬಿಡ್ರಿ.’
ಬಿಡಲಿಲ್ಲ. ಬ್ಯಾಕಪ್ಪಿನಿಂದ ಹಳೆಯದನ್ನು ಎಳೆದು ತಂದು
ತಾಸೂ ಹಿಡಿಸುವ ಕಾಲಮಿಗೆ ಹಾಕಿದೆ.
ತಾಸು ಗೊತ್ತಿಲ್ಲದವರೆಲ್ಲ ನಡುರಾತ್ರಿ ಹನ್ನೆರಡಕ್ಕೆ ಹುಟ್ಟಿಬಿಟ್ಟರು!
ಎಲ್ಲೋ ಕುಳಿತ ಸರ್ವರು ಐದೂವರೆ ತಾಸು ಹಿಂದೆ ಸರಿಸಿ
ಅಷ್ಟೂ ಜಮಖಂಡಿಯನ್ನು
ಹಿಂದಿನ ದಿನದ ಸಂಜೆಗೆ ಕಳಿಸಿತು.

ಎರಡು ರಾತ್ರಿ ಹೀಗೇ ಹೋಯಿತು.
ಕೊನೆಗೆ ತಾರೀಖಿಗೆ ಒಂದು ಕಾಲಂ, ತಾಸಿಗೆ ಬೇರೊಂದು.
ಗೊತ್ತಿಲ್ಲದ ಕಡೆ ಖಾಲಿ.
ಸೊನ್ನೆಯಲ್ಲ, ಖಾಲಿ.
ಆ ಸಾಲಿನಲ್ಲಿ ಮಾತ್ರ ೦೧:೧೦, ೦೪:೨೫,
ಇಪ್ಪತ್ತು ಸಲ ನೋಡಿ ಉಳಿಸಿದೆ.

ಕಾಕಾ ಚಷ್ಮಾ ಏರಿಸಿ ಪರದೆಗೆ ಬಾಗಿದರು.
‘ಹಂಗಾರ ಹುಣ್ಣಿವಿಗೂ ಒಂದ್ ಕಾಲಂ ಮಾಡವಾ.’
ಷರಾ ಎಂದು ಒಂದಿತ್ತು, ಅಕ್ಷರದ್ದು.
ಅವರು ಹೇಳಿದರು, ನಾನು ಒತ್ತಿದೆ:
ಶೀಗಿ ಹುಣ್ಣಿವಿ ಮರುದಿನ. ಅವ್ವ ಹೇಳಿದ್ದು.